ಊಟದ ಬಗ್ಗೆ ಬರೆಯುವಾಗ ಕೈ ನೋಡಿ

ಊಟ-ತಿಂಡಿಯ ಬಗ್ಗೆ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ನನ್ನ ಕೈಗೆ ಬರುವ ಬಹುಪಾಲು ಬರಹಗಳಲ್ಲಿ ‘ಬಾಯಲ್ಲಿ ನೀರೂರಿತು’, ‘ಅಮ್ಮನ ಕೈರುಚಿ ನೆನಪಾಯಿತು’ ಅಂತ ಇದ್ದೇ ಇರುತ್ತದೆ. ಆ ಸಾಲುಗಳನ್ನು ತೆಗೆದುಬಿಡುತ್ತೇನೆ. ಸುಳ್ಳು ಅಂತಲ್ಲ. ಧಾರವಾಡ ಪೇಡೆಗೂ ಅದೇ ಸಾಲು, ಕೊಡಗಿನ ಪಂದಿ ಕರಿಗೂ ಅದೇ ಸಾಲು. ಯಾವ ಊರಲ್ಲಿ ಏನು ತಿಂದರು ಅಂತ ಓದುಗರಿಗೆ ಗೊತ್ತೇ ಆಗುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಕೈ ನೋಡಿ. ಮಾಡುವವರ ಕೈ, ಆಮೇಲೆ ಉಣ್ಣುವವರ ಕೈ.

ಜೋಳದ ರೊಟ್ಟಿಯನ್ನೇ ತಗೊಳ್ಳಿ. ವಿಜಯಪುರದ ಕಡೆ ಖಾನಾವಳಿಗೆ ಹೋದರೆ ಸೀದಾ ಊಟಕ್ಕೆ ಕೂರಬೇಡಿ. ಕೇಳಿಕೊಂಡು ಅಡುಗೆಮನೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಗೋಧಿ ಹಿಟ್ಟಿನ ಥರ ಎಳೆದರೆ ಬರುವುದಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದುತ್ತಾರೆ. ರೊಟ್ಟಿ ಬಡಿಯುತ್ತಿದ್ದ ಒಬ್ಬ ಅಕ್ಕನನ್ನು, ಹಿಟ್ಟು ಹಳೇದಾದರೆ ಏನಾಗುತ್ತದೆ ಅಂತ ಕೇಳಿದೆ. ‘ಜಿಗಿ ಹೋಗತೈತ್ರಿ. ಬಡಿಯೂ ಮುಂದ ಅಂಚು ಬಿರೀತಾವ’ ಅಂದರು. ಮಾತಾಡುತ್ತಲೇ ಅಂಗೈಯಿಂದ ತಟ್ಟುತ್ತಿದ್ದರು. ಒಂದೊಂದು ಏಟಿಗೂ ರೊಟ್ಟಿ ತಾನೇ ಸ್ವಲ್ಪ ಸ್ವಲ್ಪ ತಿರುಗುತ್ತಾ ಅಗಲವಾಗುತ್ತಿತ್ತು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿದರು. ಒಣ ಹಿಟ್ಟಿನ ಬಿಳುಪು ಹೋಯಿತು. ನೀರು ಆರುತ್ತಿದ್ದ ಹಾಗೆ ಮಗುಚಿದರು, ರೊಟ್ಟಿ ಉಬ್ಬಿತು.

ಈಗ ಉಣ್ಣುವವರ ಕೈ ನೋಡಿ. ಬಿಸಿ ರೊಟ್ಟಿ ಮೆತ್ತಗಿರುತ್ತದೆ, ಹರಿದರೆ ಪದರ ಬಿಡುತ್ತದೆ, ಅದರಲ್ಲೇ ಎಣ್ಣೆಗಾಯಿಯನ್ನು ಬಾಚಿಕೊಳ್ಳಬಹುದು. ಖಡಕ್ ರೊಟ್ಟಿ ಹಾಗಲ್ಲ. ಬಹಳ ದಿನ ಇಟ್ಟರೂ ಕೆಡಬಾರದು ಅಂತ ಪೂರ್ತಿ ಒಣಗಿಸಿದ್ದು. ಅದನ್ನು ಮುರಿದರೆ ಪಕ್ಕದ ಸಾಲಿಗೂ ಕೇಳಿಸುತ್ತದೆ. ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಮೊಸರು ಕಲಸಿ ಅದರ ಜೊತೆ ತಿನ್ನುವವರಿದ್ದಾರೆ, ಪಲ್ಯದ ರಸದಲ್ಲಿ ನೆನೆಸಿ ತಿನ್ನುವವರೂ ಇದ್ದಾರೆ. ಹಿಟ್ಟು ಒಂದೇ, ಊಟ ಎರಡು. ‘ರೊಟ್ಟಿ ಚೆನ್ನಾಗಿತ್ತು’ ಅಂತ ಬರೆದರೆ ಯಾವ ರೊಟ್ಟಿ ಅಂತ ತಿಳಿಯಬೇಕು?

ರಾಗಿ ಮುದ್ದೆ ಬಗ್ಗೆ ಒಬ್ಬರು ‘ಅಗಿದಷ್ಟೂ ರುಚಿ’ ಅಂತ ಬರೆದು ಕಳಿಸಿದ್ದರು. ಮುದ್ದೆಯನ್ನು ಅಗಿಯುವುದಿಲ್ಲ ಅಲ್ವಾ? ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಮಂಡ್ಯದವರು ಆ ಸಾಲು ಓದಿದರೆ ಮುಂದಿನದನ್ನು ನಂಬುವುದಿಲ್ಲ.

ದಾವಣಗೆರೆ ಬೆಣ್ಣೆ ದೋಸೆಗೆ ಹೊತ್ತೇ ಮುಖ್ಯ. ಬೆಣ್ಣೆ ಹಾಕಿದ ದೋಸೆ ಗರಿಗರಿಯಾಗಿರುವುದು ಸ್ವಲ್ಪವೇ ಹೊತ್ತು. ನಾಲ್ಕು ಕಡೆಯಿಂದ ಫೋಟೊ ತೆಗೆಯುತ್ತಾ ಕೂತರೆ ಆರಿದ ದೋಸೆಯ ಬಗ್ಗೆ ಬರೆಯಬೇಕಾಗುತ್ತದೆ. ಮೊದಲು ತಿನ್ನಿ. ಫೋಟೊಗೆ ಇನ್ನೊಂದು ದೋಸೆ ಹೇಳಿ.

ಹೋಟೆಲಿನವರು ಹೇಳುವ ಹಳೇ ಕಥೆಗಳ ವಿಷಯದಲ್ಲಿ ಹುಷಾರಾಗಿರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಾಕಷ್ಟು ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಅನ್ನುವುದು ಬೆಂಗಳೂರಿನ ಎಂಟಿಆರ್‌ನವರ ಮಾತು. ಅದನ್ನು ಅವರ ಮಾತಾಗಿಯೇ ಬರೆಯಿರಿ. ನೀವೇ ಕಂಡದ್ದು ನಿಮ್ಮ ತಟ್ಟೆಯಲ್ಲಿದೆ: ಒಗ್ಗರಣೆಯ ಸಾಸಿವೆ, ಗೋಡಂಬಿ, ಮೊಸರಿನ ಹುಳಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು. ಅದು ನಿಮ್ಮ ಮಾತು.

ನಮ್ಮ ತಂಡದ ಹುಡುಗಿಯೊಬ್ಬಳು ಬಸ್ಸಾರಿನ ಬಗ್ಗೆ ಬರೆಯಲು ಮಂಡ್ಯಕ್ಕೆ ಹೊರಟಿದ್ದಾಳೆ. ಮೂರು ವಿಷಯ ಕೇಳಿಕೊಂಡು ಬಾ ಅಂದಿದ್ದೇನೆ. ಕಾಳು-ಸೊಪ್ಪು ಬೇಯಿಸಿ ಕಟ್ಟು ಬಸಿಯುವುದು ಯಾವಾಗ, ಖಾರಕ್ಕೆ ಬೆಂದ ಕಾಳು ಎಷ್ಟು ಹಾಕಿ ರುಬ್ಬುತ್ತಾರೆ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟ ಪಲ್ಯವನ್ನು ಮುದ್ದೆ ಜೊತೆಗೇ ತಿನ್ನುತ್ತಾರಾ, ಆಮೇಲೆ ಅನ್ನಕ್ಕೆ ಹಾಕಿಕೊಳ್ಳುತ್ತಾರಾ. ಮಧ್ಯಾಹ್ನದ ಊಟದ ಹೊತ್ತಿಗಲ್ಲ, ಸೊಪ್ಪು ಸೋಸುವ ಹೊತ್ತಿಗೇ ಅಲ್ಲಿರಬೇಕು ಅಂತಲೂ ಹೇಳಿದ್ದೇನೆ.