ಪರಿಷೆಗೆ ಒಂದು ದಿನ ಮೊದಲು

24 ನವೆಂಬರ್ 2024, ಭಾನುವಾರ

ನಾಳೆ ಕಾರ್ತಿಕದ ಕೊನೆಯ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಾವು ಇವತ್ತೇ ಹೋಗಿಬಂದೆವು.

ನಾಳೆ ಸಂಜೆ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯುವುದು ಅಂದರೆ ಹಿಂದಿನವರು ತಳ್ಳಿದ ಕಡೆ ಹೋಗುವುದು, ಅಷ್ಟೇ. ಮಕ್ಕಳಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಮಾರುವವರು ಹೇಗೂ ಎರಡು ದಿನ ಮೊದಲೇ ಬಂದು ಜಾಗ ಹಿಡಿದಿರುತ್ತಾರೆ. ಮೂಟೆ ಬಿಚ್ಚಿರುತ್ತಾರೆ, ಗಿರಾಕಿ ಕಡಿಮೆ, ಮಾತಾಡೋಕೆ ಪುರುಸೊತ್ತೂ ಇರುತ್ತದೆ. ನೂಕುನುಗ್ಗಲು ಇಲ್ಲದಿದ್ದರೆ ಅದೆಂಥ ಪರಿಷೆ ಅನ್ನುವವರೂ ಇದ್ದಾರೆ. ನಮ್ಮನೆಯವರು ಆ ಪಕ್ಷ. ಇವತ್ತು ನಮ್ಮ ಜೊತೆ ಬರಲಿ, ಬೇಕಿದ್ದರೆ ನಾಳೆ ಆಫೀಸಿಂದ ನೇರ ಇನ್ನೊಮ್ಮೆ ಹೋಗಲಿ, ನಾವಂತೂ ಬರಲ್ಲ ಅಂತ ಅತ್ತೆಯೇ ತೀರ್ಪು ಕೊಟ್ಟರು.

ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್‌ಗೆ ಬಂದು ಇಳಿದು, ಗಾಂಧಿ ಬಜಾರ್ ದಾಟಿ ನಡೆದೆವು. ಕಾರು ತರುವ ಯೋಚನೆ ಯಾರೂ ಮಾಡಬೇಡಿ. ಆಶ್ರಮ ಸರ್ಕಲ್ ಹತ್ತಿರ ಬರುತ್ತಿದ್ದ ಹಾಗೇ ಹುರಿದ ಕಾಯಿಯ ವಾಸನೆ. ರಸ್ತೆಯ ಎರಡೂ ಬದಿ ಟಾರ್ಪಾಲು, ಅದರ ಮೇಲೆ ಗುಡ್ಡೆ ಗುಡ್ಡೆ ಕಡಲೆಕಾಯಿ. ಮಗ ಮೊದಲು ಕೇಳಿದ್ದು, "ಇದನ್ನೆಲ್ಲ ಯಾರು ತಿಂತಾರೆ?" ಮಗಳು ಹೇಳಿದಳು, "ನೀನೇ."

ಪರಿಷೆಯ ಕತೆ ಬೆಂಗಳೂರಿನವರಿಗೆ ಗೊತ್ತಿರುವುದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ರೈತರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಹುಣ್ಣಿಮೆ ರಾತ್ರಿ ಒಂದು ಬಸವ ಬಂದು ಹೊಲ ಮೇಯ್ದು ಹೋಗುತ್ತಿತ್ತಂತೆ. ಓಡಿಸಿಕೊಂಡು ಹೋದರೆ ಗುಡ್ಡದ ಮೇಲೆ ಮಾಯವಾಗಿ ಕಲ್ಲಾಯಿತಂತೆ. ಆಮೇಲೆ ರೈತರು, ಮೊದಲ ಬೆಳೆ ನಿನಗೇ ತಂದು ಒಪ್ಪಿಸುತ್ತೇವೆ, ಹೊಲ ಬಿಟ್ಟುಬಿಡಪ್ಪಾ ಅಂತ ಹರಕೆ ಹೊತ್ತರಂತೆ. ದೊಡ್ಡ ಬಸವಣ್ಣನ ಗುಡಿಯನ್ನು ಕಟ್ಟಿಸಿದ್ದು ಕೆಂಪೇಗೌಡರು.

ಮಗಳು ಏಳನೇ ಕ್ಲಾಸು. ಕತೆ ಕೇಳಿ ಸುಮ್ನೆ ಇರುವ ವಯಸ್ಸಲ್ಲ. "ಕಡಲೆಕಾಯಿ ದಕ್ಷಿಣ ಅಮೆರಿಕದ್ದು ಅಂತ ನಮ್ಮ ಮಿಸ್ ಹೇಳಿದ್ರು. ಕೊಲಂಬಸ್ ಹೋದ ಮೇಲೇ ಅಲ್ವಾ ಅದು ಆಚೆ ಬಂದಿದ್ದು? ಕೆಂಪೇಗೌಡರ ಕಾಲದಲ್ಲಿ ಮಾವಳ್ಳಿಗೆ ಯಾರು ತಂದುಕೊಟ್ಟರು?" ಅಂದಳು. ಪ್ರಶ್ನೆ ಸರಿಯಾಗಿಯೇ ಇದೆ. ಬೆಂಗಳೂರು ಕೋಟೆ ಕಟ್ಟಿದ್ದು 1537ರಲ್ಲಿ. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ. ನಡುವೆ ಐವತ್ತು ವರ್ಷವೂ ಇಲ್ಲ. ನಾನು ಉತ್ತರ ಹುಡುಕುವುದರೊಳಗೆ ಅತ್ತೆ ಮುಗಿಸಿಬಿಟ್ಟರು: "ಆಗ ಅವರೆಕಾಯಿ ತಿಂದಿರ್ತಾನೆ ಕಣೆ. ಬಸವಣ್ಣಂಗೆ ಏನು ಕೊಟ್ರೂ ಆಗುತ್ತೆ. ಈಗ ಕಡಲೆಕಾಯಿ ಕೊಡ್ತಾ ಇದೀವಿ, ತಿಂತಾ ಇದಾನೆ."

ಗುಡಿಯಲ್ಲಿ ಇನ್ನೂ ಸಾಲು ಸಣ್ಣದಿತ್ತು. ಒಂದೇ ಕಲ್ಲಿನ ಬಸವ, ಹೆಚ್ಚುಕಡಿಮೆ 15 ಅಡಿ ಎತ್ತರ. ಎಣ್ಣೆ ಹಚ್ಚಿ ಹಚ್ಚಿ ಕಪ್ಪಗೆ ಮಿರಮಿರ ಮಿನುಗುತ್ತಾನೆ. ಪರಿಷೆಯ ದಿನ ಅವನಿಗೆ ಕಡಲೆಕಾಯಿಯ ಪೂಜೆ. ಹಿಂದಿನ ದಿನ ಬಂದವರಿಗೆ ಅದು ಸಿಗುವುದಿಲ್ಲ, ಅದೊಂದು ಕೊರತೆ. ಪಕ್ಕದ ದೊಡ್ಡ ಗಣಪತಿಗೂ ಕೈ ಮುಗಿದು ಮತ್ತೆ ರಸ್ತೆಗೆ ಬಂದೆವು.

ಇವತ್ತಿನ ಮುಖ್ಯ ಕೆಲಸ ರಸ್ತೆಯಲ್ಲೇ ಇತ್ತು. ಅತ್ತೆ ತವರು ಚಿಂತಾಮಣಿ ಕಡೆ. ಅವರ ಅಪ್ಪ ಮಳೆ ನಂಬಿಕೊಂಡು ಕಡಲೆಕಾಯಿ ಬೆಳೆಯುತ್ತಿದ್ದವರು. ಹಾಗಾಗಿ ಅತ್ತೆ ಕೊಳ್ಳುವ ಮೊದಲು ಪರೀಕ್ಷೆ ಮಾಡುತ್ತಾರೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಣಗಿದ್ದರೆ ಗಲಗಲ ಅನ್ನಬೇಕು. ಹಸಿ ಕಾಯಿ ಅಂತ ಹೇಳಿ ಕೊಟ್ಟಿದ್ದು ಗಲಗಲ ಅಂದರೆ ಅದು ಹಳೆಯದು. ಹಿಸುಕಿದರೆ ಪೊಳ್ಳಾಗಿ ಒಡೆದರೆ ಜೊಳ್ಳು. ಬಿಡಿಸಿ ಬೀಜದ ಸಿಪ್ಪೆ ನೋಡುತ್ತಾರೆ, ಮೂಸುತ್ತಾರೆ. ಬೂಷ್ಟು ವಾಸನೆ ಬಂದರೆ ಆ ಗುಡ್ಡೆಯ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅತ್ತೆಗೆ ಆ ಹೆಸರು ಬೇಕಿಲ್ಲ. "ಕಹಿ ಕಾಯಿ ಬಾಯಿಗೆ ಬಂದ್ರೆ ಉಗುಳು, ನುಂಗಬೇಡ" ಅನ್ನುವುದು ಅವರ ಕಾನೂನು.

ಒಂದು ಟಾರ್ಪಾಲಿನ ಮುಂದೆ ನಿಂತರು. ಮಾರುತ್ತಿದ್ದ ಹೆಂಗಸು ಅತ್ತೆಯ ಮಾತಿನ ಧಾಟಿ ಕೇಳಿದ ತಕ್ಷಣ, "ಯಾವೂರಮ್ಮಾ ನಿಮ್ದು?" ಅಂದರು. ಅಲ್ಲಿಂದ ಶುರು. ಇಬ್ಬರದ್ದೂ ಒಂದೇ ತಾಲ್ಲೂಕು. ಕನ್ನಡ ಅರ್ಧ, ತೆಲುಗು ಅರ್ಧ. ನಾವು ನಾಲ್ವರೂ ಸುಮ್ನೆ ಪಕ್ಕದಲ್ಲಿ ನಿಂತೆವು.

ಅವರು ಕಾಯಿಯ ಜೊತೆ ಬುಡಸಮೇತ ಕಿತ್ತ ಒಂದು ಹಿಡಿ ಗಿಡವನ್ನೂ ತಂದಿದ್ದರು. ಹಗ್ಗಕ್ಕೆ ತಲೆಕೆಳಗಾಗಿ ಕಟ್ಟಿದ್ದರು. ಹುಡುಗರು ಫೋಟೊ ತೆಗೀತಾರೆ, ಹಂಗೇ ಒಂದು ಸೇರು ತಗೋತಾರೆ ಅಂತ ನಕ್ಕರು. ಮಗನಿಗೆ ಕಾಯಿ ಬೇರಲ್ಲಿ ಇಲ್ಲ, ಬೇರೆಲ್ಲಿಂದಲೋ ಇಳಿದಿದೆ ಅನ್ನುವುದು ಕಂಡಿತು. ಅದನ್ನು ಅವರು ಕೈಯಲ್ಲಿ ಹಿಡಿದೇ ತೋರಿಸಿದರು. ಹಳದಿ ಹೂವು ಮೇಲೆ, ಎಲೆಯ ಸಂದಿಯಲ್ಲಿ ಬಿಡುತ್ತದೆ. ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಆಮೇಲೆ ಆ ಜಾಗದಿಂದ ದಬ್ಬಳದ ಹಾಗೆ ಒಂದು ಕಡ್ಡಿ ಕೆಳಗೆ ಬಾಗಿ ಬೆಳೆದು ಮಣ್ಣಿನೊಳಗೆ ಇಳಿಯುತ್ತದೆ. ಅದರ ತುದಿ ಮಣ್ಣಿನ ಕತ್ತಲಲ್ಲಿ ಊದಿ ಕಾಯಾಗುತ್ತದೆ. ಇಳಿಯೋಕೆ ಆಗದೆ ಮೇಲೇ ಉಳಿದ ಕಡ್ಡಿ ಕಾಯಿ ಕಟ್ಟುವುದಿಲ್ಲ. ಅದಕ್ಕೇ ಕೆಂಪು ಮಣ್ಣು, ಉದುರು ಮಣ್ಣು ಬೇಕು. ಅದಕ್ಕೇ ಹೂವಿನ ಹೊತ್ತಿಗೆ ಜಿಪ್ಸಂ ಹಾಕಿ ಮಣ್ಣು ಏರಿಸುತ್ತಾರೆ. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದಲ್ಲ, ಸುತ್ತಲಿನ ಮಣ್ಣಿನಿಂದ ನೇರ ತಾನೇ ಎಳೆದುಕೊಳ್ಳುತ್ತದೆ. ಅದು ಸಿಗದಿದ್ದರೆ ಸಿಪ್ಪೆ ಮಾತ್ರ, ಒಳಗೆ ಜೊಳ್ಳು.

ಅತ್ತೆ ಕೇಳಿದ್ದು ಬೇರೆ. "ಕೀಳೋ ಹೊತ್ತಿಗೆ ಮಳೆ ಇತ್ತಾ?" ಮಳೆಯಾಶ್ರಿತ ಬೆಳೆಗೆ ಇದು ದೊಡ್ಡ ಪ್ರಶ್ನೆಯಂತೆ. ಜೂನ್–ಜುಲೈನಲ್ಲಿ ಬಿತ್ತಿದರೆ ಸುಮಾರು ನಾಲ್ಕು ತಿಂಗಳು. ಕೀಳುವಾಗ ನೆಲ ಒಣಗಿ ಗಟ್ಟಿಯಾಗಿದ್ದರೆ ಗಿಡ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಮಳೆ ಜಾಸ್ತಿಯಾದರೆ ಕಾಯಿ ಮಣ್ಣಲ್ಲೇ ಮೊಳಕೆ ಒಡೆಯುತ್ತದೆ. ಎರಡರ ಮಧ್ಯೆ ಸಿಗುವ ನಾಲ್ಕು ದಿನದಲ್ಲಿ ಕೀಳಬೇಕು. ಅಷ್ಟು ಹೊತ್ತಿಗೆ ಕಾರ್ತಿಕ ಬಂದಿರುತ್ತದೆ. ಪರಿಷೆ ಈ ತಿಂಗಳಲ್ಲೇ ಯಾಕೆ ಅಂತ ಮಗಳಿಗೆ ಬೇರೆ ಹೇಳಬೇಕಾಗಲಿಲ್ಲ.

ಆಗ ಅತ್ತೆ ಹಕ್ಕಲಿನ ಮಾತು ತೆಗೆದರು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಇದನ್ನು ಯಾವತ್ತೂ ಕೇಳಿರಲಿಲ್ಲ. ಬೆಳೆ ಕಿತ್ತಾದ ಮೇಲೆ ಮಣ್ಣಲ್ಲಿ ಉಳಿದ ಕಾಯಿ ಮಕ್ಕಳದ್ದು. ಸ್ಕೂಲು ಬಿಟ್ಟು ಬಂದು ಮೊಂಡ ಕುಡುಗೋಲಿನಿಂದ ಕೆದಕಿ ಕೆದಕಿ ಆಯುವುದು. ಯಾರ ಹೊಲವಾದರೂ ಸರಿ, ಯಾರೂ ಬೇಡ ಅನ್ನುತ್ತಿರಲಿಲ್ಲ. ಲಂಗದ ಮಡಿಲಲ್ಲಿ ತುಂಬಿಕೊಂಡು ಹೋಗಿ ಅಂಗಡಿಗೆ ಕೊಟ್ಟರೆ ಬೆಲ್ಲವೋ ರಿಬ್ಬನ್ನೋ ಸಿಗುತ್ತಿತ್ತು. "ನಮ್ಮಣ್ಣ ಅದ್ರಲ್ಲೇ ಒಂದು ಟಾರ್ಚು ತಗೊಂಡ" ಅಂದರು. ಮಾರುವವರೂ ತಲೆಯಾಡಿಸಿದರು. ಈಗಿನ ಮಕ್ಕಳು ಹಕ್ಕಲು ಆಯೋಕೆ ಬರಲ್ಲ, ಹಂದಿಗಳು ಬರ್ತವೆ ಅಂದರು. ಹಿಂಡುಹಿಂಡಾಗಿ ರಾತ್ರಿ ನುಗ್ಗಿ ಕೆಡವಿ ಹೋಗುತ್ತವಂತೆ. ಕಾಯಿ ಬಲಿಯುವ ತಿಂಗಳು ಗಂಡ ಹೊಲದಲ್ಲೇ ಮಲಗುತ್ತಾರಂತೆ. "ಬಸವಣ್ಣ ಒಂದು ಹರಕೆಗೆ ಒಪ್ಕೊಂಡ. ಹಂದಿಗೆ ಯಾವ ಹರಕೆ ಹೇಳೋದು?"

ಇಲ್ಲಿ ಒಂದು ಮಾತು ಹೇಳಲೇಬೇಕು. ಊರಾಚೆ ಟಿಕೆಟ್ ಇಟ್ಟು ತೋಟ ತೋರಿಸುವ ಜಾಗಗಳಿಗೂ ನಾವು ಹೋಗಿದ್ದೇವೆ. ಎತ್ತಿನ ಗಾಡಿಯಲ್ಲಿ ಒಂದು ಸುತ್ತು, ಕೆಸರಲ್ಲಿ ಒಂದು ಕುಣಿತ, ಬಾಳೆಎಲೆ ಊಟ. ಮಕ್ಕಳಿಗೆ ಖುಷಿಯಾಗಿದ್ದು ಸುಳ್ಳಲ್ಲ. ಆದರೆ ಒಂದು ಕಡೆ ಹಸು ಕರೆಯುವುದಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬರೂ ಕೆಚ್ಚಲು ಮುಟ್ಟುವುದು, ಫೋಟೊ, ಮುಂದಕ್ಕೆ. ಕರು ದೂರದಲ್ಲಿ ಕಟ್ಟಿಹಾಕಿ ಕೂಗುತ್ತಿತ್ತು. ಅಲ್ಲಿನ ಹುಡುಗನನ್ನು ಈ ಹಸು ದಿನಕ್ಕೆ ಎಷ್ಟು ಲೀಟರ್ ಕೊಡುತ್ತೆ ಅಂತ ಕೇಳಿದರೆ, ಆಫೀಸಲ್ಲಿ ಕೇಳಿ ಮೇಡಂ ಅಂದ. ಆ ದುಡ್ಡಿಗೆ ಇಲ್ಲಿ ಒಂದು ಮೂಟೆಯನ್ನೇ ತರಬಹುದಿತ್ತು, ಜೊತೆಗೆ ಮಾತು ಬಿಟ್ಟಿ.

ಹೋದ ವಾರ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನ ಕೃಷಿ ಮೇಳಕ್ಕೂ ಹೋಗಿದ್ದೆವು. 14ರಿಂದ 17ರವರೆಗೆ ಇತ್ತು. ಅದರ ರುಚಿಯೇ ಬೇರೆ. ಅಲ್ಲಿ ಜನ ಬರುವುದು ಕೆಲಸಕ್ಕೆ. ಬೀಜ ಕೊಳ್ಳುವವರು, ಯಂತ್ರ ನೋಡುವವರು, ವಿಜ್ಞಾನಿಗಳನ್ನು ಹಿಡಿದು ನಿಲ್ಲಿಸಿ ಜಗಳ ಆಡುವವರು. ಪಟ್ಟಣದವರಿಗೂ ನೋಡೋಕೆ ಬೇಕಾದಷ್ಟಿದೆ. ಹಳ್ಳಿಕಾರ್ ಹೋರಿ ಜೋಡಿ, ಬಂಡೂರು ಕುರಿ, ಸಾಲುಸಾಲು ರಾಗಿ ತಾಕು, ಪ್ರತಿಯೊಂದಕ್ಕೂ ತಳಿಯ ಹೆಸರಿನ ಬೋರ್ಡು. ಜಿಪಿಯು 28 ಅನ್ನೋ ಬೋರ್ಡಿನ ಮುಂದೆ ಅತ್ತೆ ನಿಂತು, "ನಮ್ಮಪ್ಪ ಹಾಕ್ತಿದ್ದದ್ದು ಇಂಡಾಫ್" ಅಂದರು. ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಮಾಡಿದ ತಳಿಗಳು ಅವು. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವನ್ನು ಮಾಡಿದ ಲಕ್ಷ್ಮಣಯ್ಯನವರಿಗೆ ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರು ಬಿತ್ತು. ಮಗನಿಗೆ ಮಾತ್ರ ನೆನಪಿರುವುದು ಟ್ರ್ಯಾಕ್ಟರ್ ಸೀಟು ಮತ್ತು ಅಲ್ಲಿ ತಿಂದ ಮುದ್ದೆ. ಇರಲಿ. ಆದರೆ ಆ ಜಾಗ ದೊಡ್ಡದು, ಬಿಸಿಲು, ನಡೆದು ನಡೆದು ಸುಸ್ತು. ಸಣ್ಣ ಮಕ್ಕಳಿದ್ದರೆ ಅರ್ಧ ದಿನ ಸಾಕು.

ಪರಿಷೆಗೆ ವಾಪಸ್ ಬರುತ್ತೇನೆ. ಹುರಿಯುವ ಜಾಗದಲ್ಲಿ ಮಗ ಕಾಲು ಕೀಳಲೇ ಇಲ್ಲ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ ಅದರಲ್ಲಿ ಕಾಯಿ ಹಾಕಿ ತಿರುವುತ್ತಾರೆ. ಬಿಸಿ ಮರಳು ಕಾಯಿಯ ಸುತ್ತ ಎಲ್ಲ ಕಡೆ ಅಂಟಿಕೊಳ್ಳುವುದರಿಂದ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುವುದಿಲ್ಲ. ಆಮೇಲೆ ಜರಡಿಗೆ ಸುರಿದರೆ ಮರಳು ಕೆಳಗೆ, ಕಾಯಿ ಮೇಲೆ. ಹುರಿಯುವವರು ಗಡಿಯಾರ ನೋಡಲ್ಲ, ಸದ್ದು ಕೇಳುತ್ತಾರೆ. ಚಿಟಪಟ ನಿಧಾನವಾದರೆ ಇಳಿಸುತ್ತಾರೆ.

ಬೇಯಿಸಿದ ಕಾಯಿಯ ವಿಷಯದಲ್ಲಿ ನಮ್ಮನೆಯಲ್ಲಿ ಎರಡು ಪಕ್ಷ. ಮಕ್ಕಳೂ ನಮ್ಮನೆಯವರೂ ಹುರಿದದ್ದು. ಅತ್ತೆ, ನಾನು ಉಪ್ಪು ಹಾಕಿ ಬೇಯಿಸಿದ್ದು. ಬೇಯಿಸಿದ್ದನ್ನು ಪರಿಷೆಯಲ್ಲಿ ಬಿಸಿಬಿಸಿ ತಿನ್ನಬೇಕು, ಸಂಜೆಗೆ ಇಟ್ಟರೆ ಲೋಳೆ ಬರುತ್ತದೆ. ಮನೆಗೆ ಹಸಿಯದ್ದೇ ತನ್ನಿ. ಬೆಲೆಯ ಬಗ್ಗೆ ಒಂದು ಮಾತು: ಗುಡಿಯ ಹತ್ತಿರ ಹೋದಷ್ಟೂ ಏರುತ್ತದೆ, ದೂರ ಬಂದಷ್ಟೂ ಇಳಿಯುತ್ತದೆ. ಅಳೆಯುವುದು ಸೇರಿನಲ್ಲಿ. ಸೇರು ತುಂಬಿಸಿ ಮೇಲೆ ಗೋಪುರ ಕಟ್ಟಿ ಕೊಡುವವರ ಹತ್ತಿರ ಚೌಕಾಸಿ ಮಾಡಬೇಡಿ. ಕೈಚೀಲ ಒಯ್ಯಿರಿ.

ಬೆಂಡು ಬತ್ತಾಸು, ಕಲ್ಯಾಣಸೇವೆ, ಬಳೆ, ಪೀಪಿ, ಎಲ್ಲ ಇದ್ದವು. ಪೀಪಿ ಕಂಡುಹಿಡಿದವರಿಗೆ ಮಕ್ಕಳಿರಲಿಲ್ಲ ಅನ್ನಿಸುತ್ತದೆ. ಮಗ ಮೆಟ್ರೊ ಸ್ಟೇಷನ್ ತಲುಪುವವರೆಗೂ ಊದಿದ. ಅದಕ್ಕೂ ಮೊದಲು ಗುಡಿಯ ಪಕ್ಕದ ಬ್ಯೂಗಲ್ ರಾಕ್ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದೆವು. ಮರದಲ್ಲಿ ತೂಗುತ್ತಿದ್ದ ಬಾವಲಿಗಳನ್ನು ನೋಡಿದೆವು. ಟಾಯ್ಲೆಟ್ ಮಾತ್ರ ಪ್ರತಿ ವರ್ಷದ ಹಾಗೆ ಹುಡುಕಾಟ. ಅಷ್ಟು ದೂರದಿಂದ ಬಂದು ಎರಡು ಮೂರು ರಾತ್ರಿ ಫುಟ್‌ಪಾತ್ ಮೇಲೆ ಮಲಗುವ ಹೆಂಗಸರು ಏನು ಮಾಡುತ್ತಾರೆ ಅಂತ ಆ ಟಾರ್ಪಾಲಿನವರನ್ನೇ ಕೇಳಿದೆ. "ಬೆಳಕು ಹರಿಯೋಕೆ ಮುಂಚೆ ಎದ್ದೇಳ್ತೀವಿ, ಇನ್ನೇನು ಮಾಡೋದು" ಅಂದರು. ಊರಿಗೆ ಇಷ್ಟು ಹೆಸರು ತರುವ ಪರಿಷೆಯಲ್ಲಿ ಈ ಉತ್ತರ ಕೇಳಿಸಿಕೊಳ್ಳೋಕೆ ನಾಚಿಕೆಯಾಯಿತು.

ಹೊರಡುವಾಗ ಮಗಳು ಅವರನ್ನು, "ಮುಂದಿನ ವರ್ಷ ನಿಮ್ಮ ಹೊಲ ನೋಡೋಕೆ ಬರಬಹುದಾ?" ಅಂತ ಕೇಳಿಯೇಬಿಟ್ಟಳು. ಅವರು ಅತ್ತೆಯ ಮುಖ ನೋಡಿದರು. "ನೋಡೋಕೆ ಏನಿದೆ ಪುಟ್ಟ, ಕೀಳೋಕೆ ಬಾ. ಆಳು ಸಿಗಲ್ಲ. ಕೂಲಿ ಕೊಡಲ್ಲ, ಊಟ ಹಾಕ್ತೀನಿ."

ನಮ್ಮನೆಯವರು ನಂಬರ್ ತೆಗೆದುಕೊಂಡರು. ಶನಿವಾರ ರಾತ್ರಿಯೇ ಹೊರಟು ಅಣ್ಣನ ಮನೆಯಲ್ಲಿ ಇಳಿಯಬಹುದು ಅಂತ ಅತ್ತೆ ಮೆಟ್ರೊದಲ್ಲೇ ಲೆಕ್ಕ ಹಾಕುತ್ತಿದ್ದರು. ಅವರ ಷರತ್ತು ಒಂದೇ: ಕಿತ್ತಾದ ಮೇಲೆ ಹಕ್ಕಲು ಆಯೋಕೆ ಮಕ್ಕಳನ್ನು ಬಿಡಬೇಕು, ಆದದ್ದು ಅವರದ್ದೇ.