ಔಷಧ ನಿಂತ ಮೇಲಿನ ವಾರಗಳು: ಯಕೃತ್ತಿನ ಕಿಣ್ವಗಳು ಕಲಿಸಿದ ಪಾಠ

ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿರುವ ನನ್ನ ದಿನದ ಬಹುಪಾಲು ಸಮಯವು ವಾರ್ಡಿನ ರೋಗಿಗಳ ಔಷಧಪಟ್ಟಿಗಳನ್ನು ಪರಿಶೀಲಿಸುವುದರಲ್ಲಿ ಕಳೆಯುತ್ತದೆ. ಪಟ್ಟಿಯಲ್ಲಿ ಏನಿದೆ ಎಂಬುದರಷ್ಟೇ ಗಮನವನ್ನು, ಕಳೆದ ಕೆಲವು ವಾರಗಳಲ್ಲಿ ಅದರಿಂದ ಏನು ಕೈಬಿಡಲಾಗಿದೆ ಎಂಬುದಕ್ಕೂ ಕೊಡಬೇಕೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಒಬ್ಬ ರೋಗಿಯ ಪ್ರಕರಣ.

ಅವರಿಗೆ ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕೃತಕ ಕವಾಟವಿತ್ತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ನಡುವೆ ಕ್ಷಯರೋಗ ಕಾಣಿಸಿಕೊಂಡು, ರಿಫಾಂಪಿಸಿನ್ ಒಳಗೊಂಡ ಆರು ತಿಂಗಳ ಚಿಕಿತ್ಸೆ ಆರಂಭವಾಯಿತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದನ್ನು ಸೂಚಿಸುವ, ಏರಿದಷ್ಟೂ ರಕ್ತಸ್ರಾವದ ಅಪಾಯ ಹೆಚ್ಚುವ ಐಎನ್‌ಆರ್ ಎಂಬ ಅಳತೆ ಕುಸಿಯತೊಡಗಿದ್ದರಿಂದ ವೈದ್ಯರು ವಾರ್ಫರಿನ್ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಹೋಗಿ, ಮೊದಲಿನದಕ್ಕಿಂತ ಸುಮಾರು ಮೂರು ಪಟ್ಟು ಕೊಟ್ಟ ಮೇಲೆಯೇ ಅದು 2.5ರಿಂದ 3.5ರ ನಡುವೆ ನಿಂತಿತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಕ್ಷಯದ ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತ ನಂತರ, ಹೆಚ್ಚಿಸಿದ ವಾರ್ಫರಿನ್ ಮಾತ್ರ ಹಾಗೆಯೇ ಮುಂದುವರಿಯಿತು. ಮೂರನೆಯ ವಾರದಲ್ಲಿ ಅವರು ವಸಡಿನ ರಕ್ತಸ್ರಾವದೊಂದಿಗೆ ದಾಖಲಾದಾಗ ಐಎನ್‌ಆರ್ 8ನ್ನು ದಾಟಿತ್ತು. ಆ ದಿನದ ಪಟ್ಟಿಯಲ್ಲಿ ವಾರ್ಫರಿನ್‌ನೊಂದಿಗೆ ತಕರಾರು ಮಾಡುವ ಯಾವ ಔಷಧವೂ ಇರಲಿಲ್ಲ, ಆದ್ದರಿಂದ ಎಚ್ಚರಿಕೆ ನೀಡಬೇಕಾದ ತಂತ್ರಾಂಶವೂ ಸುಮ್ಮನಿತ್ತು. ಅದು ಹೋಲಿಸುವುದು ಸದ್ಯ ಚಾಲ್ತಿಯಲ್ಲಿರುವ ಔಷಧಗಳನ್ನು ಮಾತ್ರ. ವಾರ್ಫರಿನ್ ತಡೆಹಿಡಿದು, ಕವಾಟದ ಮೇಲೆ ಗರಣೆ ಕಟ್ಟುವ ಅಪಾಯವನ್ನೂ ಗಮನದಲ್ಲಿಟ್ಟುಕೊಂಡು ಎಚ್ಚರಿಕೆಯಿಂದ ಚಿಕಿತ್ಸೆ ನೀಡಿದ್ದರಿಂದ ಅವರು ಚೇತರಿಸಿಕೊಂಡರು.

ಇದು ಏಕೆ ಹೀಗಾಗುತ್ತದೆ ಎಂಬುದು ಯಕೃತ್ತಿನ ಜೀವಕೋಶದೊಳಗೆ ಹೋದರೆ ಸ್ಪಷ್ಟವಾಗುತ್ತದೆ. ರಿಫಾಂಪಿಸಿನ್ ಅಲ್ಲಿನ ಪಿಎಕ್ಸ್‌ಆರ್ ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. 1998ರಲ್ಲಿ ಗುರುತಿಸಲಾದ ಈ ಗ್ರಾಹಕವು ಸಕ್ರಿಯಗೊಂಡಾಗ, ಸೈಟೋಕ್ರೋಮ್ ಪಿ-450 ಗುಂಪಿನ ಸಿವೈಪಿ3ಎ4, ಸಿವೈಪಿ2ಸಿ9 ಮುಂತಾದ ಕಿಣ್ವಗಳ ವಂಶವಾಹಿಗಳು ಹೆಚ್ಚು ಚುರುಕಾಗಿ, ಜೀವಕೋಶವು ಆ ಕಿಣ್ವಗಳನ್ನು ಮೊದಲಿಗಿಂತ ಹೆಚ್ಚು ತಯಾರಿಸತೊಡಗುತ್ತದೆ. ವಾರ್ಫರಿನ್‌ನ ಹೆಚ್ಚು ಪ್ರಬಲವಾದ ಎಸ್-ರೂಪವನ್ನು ಒಡೆಯುವುದು ಮುಖ್ಯವಾಗಿ ಸಿವೈಪಿ2ಸಿ9. ಕಿಣ್ವ ಹೆಚ್ಚಿದಷ್ಟೂ ಔಷಧ ಬೇಗ ಕರಗಿಹೋಗುತ್ತದೆ.

ಕ್ಲಾರಿಥ್ರೋಮೈಸಿನ್ ಎಂಬ ಪ್ರತಿಜೀವಕದಂತಹ ಔಷಧವು ಕಿಣ್ವವನ್ನು ತಡೆದಾಗ ಪರಿಣಾಮ ಮೊದಲ ಒಂದೆರಡು ದಿನಗಳಲ್ಲೇ ಕಾಣುತ್ತದೆ, ಏಕೆಂದರೆ ಅಲ್ಲಿ ಈಗಾಗಲೇ ಇರುವ ಕಿಣ್ವಕ್ಕೇ ಅಡ್ಡಿಯಾಗುತ್ತದೆ. ರಿಫಾಂಪಿಸಿನ್‌ನಂತೆ ಕಿಣ್ವವನ್ನು ಹೆಚ್ಚಿಸುವ ಪ್ರಚೋದನೆಯಲ್ಲಿ ಹೊಸ ಪ್ರೋಟೀನ್ ತಯಾರಾಗಬೇಕು; ರಿಫಾಂಪಿಸಿನ್‌ನ ಪೂರ್ಣ ಪ್ರಭಾವಕ್ಕೆ ಒಂದರಿಂದ ಎರಡು ವಾರ ಬೇಕಾಗುತ್ತದೆ. ಔಷಧ ನಿಂತ ಮೇಲೂ ಹೆಚ್ಚಾಗಿ ತಯಾರಾದ ಕಿಣ್ವ ತನ್ನ ಆಯುಷ್ಯ ಮುಗಿಸಿ ಹಳೆಯ ಮಟ್ಟಕ್ಕೆ ಇಳಿಯಲು ಸುಮಾರು ಎರಡು ವಾರ ಹಿಡಿಯುತ್ತದೆ. ರಿಫಾಂಪಿಸಿನ್ ಸ್ವತಃ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಹೋಗುವ ಔಷಧವಾಗಿರುವುದರಿಂದ, ಅದು ಹೋದ ಮೇಲೂ ಅದರ ಕೆಲಸ ಉಳಿದಿರುತ್ತದೆ ಎಂಬುದನ್ನು ರೋಗಿಗಳಿಗೆ ವಿವರಿಸುವುದು ಸುಲಭವಲ್ಲ. ಮೂರ್ಛೆರೋಗದ ಫೀನೋಬಾರ್ಬಿಟಲ್‌ನಂತಹ, ದೇಹದಲ್ಲಿ ದಿನಗಟ್ಟಲೆ ಉಳಿಯುವ ಪ್ರಚೋದಕ ಔಷಧಕ್ಕೆ ಇನ್ನೂ ಹೆಚ್ಚಿನ ಕಾಲವನ್ನು ಲೆಕ್ಕ ಹಿಡಿಯಬೇಕು.

ನನ್ನ ಅಭಿಪ್ರಾಯದಲ್ಲಿ ಆರಂಭಕ್ಕಿಂತ ನಿಲುಗಡೆಯೇ ಹೆಚ್ಚು ಅಪಾಯಕಾರಿ. ಹೊಸ ಔಷಧ ಸೇರಿಸುವಾಗ ಎಲ್ಲರೂ ಜಾಗೃತರಾಗಿರುತ್ತಾರೆ, ಆದರೆ ಚಿಕಿತ್ಸೆ ಮುಗಿದದ್ದನ್ನು ಶುಭ ಸುದ್ದಿಯಾಗಿ ಮಾತ್ರ ನೋಡಿ, ರಕ್ತಪರೀಕ್ಷೆಗಳ ನಡುವಿನ ಅಂತರವನ್ನು ಹೆಚ್ಚಿಸಿಬಿಡುತ್ತಾರೆ.

ಇದೇ ತರ್ಕ ಔಷಧವಲ್ಲದ ವಸ್ತುಗಳಿಗೂ ಅನ್ವಯಿಸುತ್ತದೆ. ತಂಬಾಕಿನ ಹೊಗೆಯಲ್ಲಿರುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಸಿವೈಪಿ1ಎ2 ಕಿಣ್ವವನ್ನು ಹೆಚ್ಚಿಸುತ್ತವೆ, ಮನೋರೋಗಕ್ಕೆ ಕೊಡುವ ಕ್ಲೋಜಪೈನ್ ಒಡೆಯುವುದು ಮುಖ್ಯವಾಗಿ ಅದೇ ಕಿಣ್ವದಿಂದ. ಧೂಮಪಾನಿ ರೋಗಿಯೊಬ್ಬರು ಆಸ್ಪತ್ರೆಗೆ ಸೇರಿ ಸಿಗರೇಟ್ ನಿಂತರೆ, ಒಂದು ವಾರದೊಳಗೆ ರಕ್ತದಲ್ಲಿನ ಕ್ಲೋಜಪೈನ್ ಮಟ್ಟ ಗಣನೀಯವಾಗಿ ಏರಬಹುದು. ನಿಕೋಟಿನ್ ಪಟ್ಟಿ ಹಚ್ಚಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಕಿಣ್ವವನ್ನು ಪ್ರಚೋದಿಸುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಖಿನ್ನತೆಗೆಂದು ಜನರು ತಾವಾಗಿಯೇ ಕೊಂಡು ಸೇವಿಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಹೈಪರ್‌ಫೋರಿನ್ ಅಂಶವು ಪಿಎಕ್ಸ್‌ಆರ್ ಅನ್ನೇ ಸಕ್ರಿಯಗೊಳಿಸುತ್ತದೆ. ಅದರಿಂದ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟ ಕುಸಿದು ಕಸಿ ಮಾಡಿದ ಹೃದಯವನ್ನು ದೇಹ ತಿರಸ್ಕರಿಸತೊಡಗಿದ ಪ್ರಕರಣಗಳು 2000ದಲ್ಲಿ ವರದಿಯಾದವು. ಆದ್ದರಿಂದ ಗಿಡಮೂಲಿಕೆಗಳ ಬಗ್ಗೆ ನಾನು ಪ್ರತ್ಯೇಕವಾಗಿಯೇ ಕೇಳುತ್ತೇನೆ. ಬಹಳ ಮಂದಿ ಅವನ್ನು ಔಷಧವೆಂದು ಪರಿಗಣಿಸದೆ ಹೇಳುವುದನ್ನೇ ಬಿಡುತ್ತಾರೆ.

ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್ ತನ್ನನ್ನು ಒಡೆಯುವ ಕಿಣ್ವವನ್ನೇ ಹೆಚ್ಚಿಸುತ್ತದೆ. ಮೊದಲ ವಾರ ಸರಿಯಾಗಿದ್ದ ಮಟ್ಟವು ಮೂರರಿಂದ ಐದು ವಾರಗಳಲ್ಲಿ, ಪ್ರಮಾಣ ಬದಲಾಗದಿದ್ದರೂ, ಇಳಿಯಬಹುದು. ಹಾಗಾಗಿ ಮೂರ್ಛೆ ಮರುಕಳಿಸಿತೆಂದ ಮಾತ್ರಕ್ಕೆ ರೋಗಿ ಮಾತ್ರೆ ತಪ್ಪಿಸಿದ್ದಾರೆಂದು ಊಹಿಸುವುದು ಅನ್ಯಾಯವಾಗುತ್ತದೆ.

ಆ ಪ್ರಕರಣದ ನಂತರ ನಮ್ಮ ವಿಭಾಗದಲ್ಲಿ ಕೆಲವು ಪದ್ಧತಿಗಳನ್ನು ರೂಢಿಸಿಕೊಂಡಿದ್ದೇವೆ. ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪೈನ್, ಫೀನೋಬಾರ್ಬಿಟಲ್ ಎಂಬ ಪ್ರಚೋದಕ ಔಷಧಗಳಲ್ಲಿ ಯಾವುದನ್ನಾದರೂ ಕಳೆದ ನಾಲ್ಕು ವಾರಗಳಲ್ಲಿ ನಿಲ್ಲಿಸಲಾಗಿದೆಯೇ ಎಂದು ದಾಖಲಾತಿಯ ವೇಳೆಯಲ್ಲೇ ವಿಚಾರಿಸುತ್ತೇವೆ. ಇವುಗಳ ಕಾರಣಕ್ಕೆ ಬೇರೊಂದು ಔಷಧದ ಪ್ರಮಾಣವನ್ನು ಏರಿಸಿದ್ದರೆ, ಏರಿಸಿದ ಕಾರಣ, ಹಳೆಯ ಪ್ರಮಾಣ ಮತ್ತು ಪ್ರಚೋದಕ ಔಷಧ ನಿಲ್ಲುವ ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತೇವೆ, ಏಕೆಂದರೆ ಆ ಪತ್ರವನ್ನು ಮುಂದೆ ಓದುವ ವೈದ್ಯರಿಗೆ ಹಿಂದಿನ ಆರು ತಿಂಗಳ ಕಥೆ ತಿಳಿದಿರುವುದಿಲ್ಲ. ವಾರ್ಫರಿನ್ ಇದ್ದಲ್ಲಿ ರಿಫಾಂಪಿಸಿನ್ ನಿಂತ ಮೊದಲ ವಾರದಿಂದಲೇ ಐಎನ್‌ಆರ್ ಪರೀಕ್ಷೆಯನ್ನು ಹೆಚ್ಚು ಬಾರಿ ಮಾಡಿಸಿ, ಪ್ರಮಾಣವನ್ನು ಅದಕ್ಕೆ ತಕ್ಕಂತೆ ಹಂತಹಂತವಾಗಿ ಇಳಿಸುತ್ತೇವೆ. ಗರ್ಭನಿರೋಧಕ ಮಾತ್ರೆ ಬಳಸುವ ಮಹಿಳೆಯರಿಗೆ, ರಿಫಾಂಪಿಸಿನ್ ತೆಗೆದುಕೊಳ್ಳುವ ಅವಧಿಯಲ್ಲಷ್ಟೇ ಅಲ್ಲದೆ ಅದು ನಿಂತ ನಂತರದ ನಾಲ್ಕು ವಾರಗಳವರೆಗೂ ಬೇರೆ ವಿಧಾನ ಅಗತ್ಯವೆಂದು ಮಾತಿನಲ್ಲಿ ತಿಳಿಸುವುದರ ಜೊತೆಗೆ ಚೀಟಿಯಲ್ಲೂ ಬರೆದುಕೊಡುತ್ತೇವೆ.