ಹೊಸ ಟಿವಿ ತಗೊಳ್ಳಲಾ ಅಂತ ಕೇಳುವವರಿಗೆ

"ಪಿಕ್ಚರ್ ಬಂದು ಬಂದು ಹೋಗುತ್ತೆ, ಸೌಂಡೂ ಕಟ್ ಆಗುತ್ತೆ. ಹೊಸ ಟಿವಿ ತಗೊಳ್ಳಲಾ?" ಹೋಮ್ ಥಿಯೇಟರ್ ಕೂರಿಸುವುದು ನನ್ನ ಕೆಲಸ, ವಾರಕ್ಕೆ ಎರಡು ಸಲವಾದರೂ ಈ ಫೋನ್ ಬರುತ್ತದೆ. ಬೇಡ, ತಗೋಬೇಡಿ. ಅದು ಯಾವಾಗ ಹೋಗುತ್ತದೆ, ಅದನ್ನು ಹೇಳಿ. "ಯಾವಾಗ ಅಂತಿಲ್ಲ ಸಾರ್, ಸುಮ್ನೆ ಹೋಗುತ್ತೆ." ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸುಮ್ನೆ ಯಾವುದೂ ಹೋಗುವುದಿಲ್ಲ.

ಕಳೆದ ವರ್ಷ ಮೈಸೂರಿನ ಒಂದು ಮನೆಗೆ ಹೋಗಿದ್ದೆ. ಪ್ರೊಜೆಕ್ಟರ್ ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತಿತ್ತಂತೆ. ಅಷ್ಟರಲ್ಲಿ ಆ ಮನೆಯ ಮಗ ರಿಸೀವರ್, ಅಂದರೆ ಚಿತ್ರವನ್ನು ಪ್ರೊಜೆಕ್ಟರ್‌ಗೂ ಶಬ್ದವನ್ನು ಸ್ಪೀಕರ್‌ಗೂ ಕಳಿಸುವ ಪೆಟ್ಟಿಗೆ, ಬದಲಾಯಿಸಿ ಆಗಿತ್ತು. ನಾನು ಒಂದು ಗಂಟೆ ಕೂತರೂ ಒಂದು ಸಲವೂ ಹೋಗಲಿಲ್ಲ. ಇನ್ನೇನು ಹೊರಡಬೇಕು, ಮೂಲೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಜ್ಜಿ, "ಫ್ಯಾನ್ ಆರಿಸಿ ನೋಡಪ್ಪ, ಆಗಲೇ ಹೋಗೋದು ಅದು" ಅಂದರು. ಆರಿಸಿದೆ. ಸ್ವಿಚ್ಚಿನ ಸಂದಿಯಲ್ಲಿ ಸಣ್ಣ ನೀಲಿ ಕಿಡಿ, ಪರದೆ ಕಪ್ಪು. ಹತ್ತು ಸಲ ಮಾಡಿದರೆ ಎಂಟು ಸಲ ಹಾಗೇ ಆಯಿತು. ಅಜ್ಜಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲೇ ಇಲ್ಲ!

ಹತ್ತು ಮೀಟರ್ ತಾಮ್ರದ ಎಚ್‌ಡಿಎಂಐ ಕೇಬಲ್ ಮತ್ತು ಫ್ಯಾನಿನ ವೈರ್, ಎರಡೂ ಗೋಡೆಯೊಳಗೆ ಒಂದೇ ಪೈಪಿನಲ್ಲಿದ್ದವು. ಸ್ವಿಚ್ಚಿನ ಕಿಡಿಯ ತೊಂದರೆ ಪಕ್ಕದ ಕೇಬಲ್‌ಗೂ ತಾಗುತ್ತಿತ್ತು. ನಿಮ್ಮ ಟಿವಿಗೆ ಚಿತ್ರ, ಶಬ್ದ ಎರಡೂ ಹೋಗುವುದು ಇಂಥ ಒಂದೇ ಕೇಬಲ್‌ನಲ್ಲಿ, ಅದಕ್ಕೇ ಒಟ್ಟಿಗೆ ಕಟ್ ಆಗುತ್ತವೆ. "ಐದು ವರ್ಷ ಇದೇ ಕೇಬಲ್ ಚೆನ್ನಾಗಿತ್ತಲ್ಲ" ಅಂತೀರಿ. ಆಗ ಫುಲ್ ಎಚ್‌ಡಿ ಇತ್ತು, ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಡೇಟಾ ಸಾಕಿತ್ತು. ಈಗಿನ 4ಕೆ ಬಾಕ್ಸ್ ಅದೇ ಕೇಬಲ್‌ನಲ್ಲಿ 18ರವರೆಗೆ ನೂಕುತ್ತದೆ. ತುಂಬಿದ ಬಸ್ಸಿಗೆ ಸಣ್ಣ ಗುಂಡಿಯೂ ಜಾಸ್ತಿ.

ಖರ್ಚಿಲ್ಲದೆ ಗೊತ್ತಾಗಬೇಕಾ? ಬಾಕ್ಸಿನ ಸೆಟ್ಟಿಂಗ್‌ನಲ್ಲಿ 4ಕೆ ಬಿಟ್ಟು ಫುಲ್ ಎಚ್‌ಡಿಗೆ ಇಳಿಸಿ, ಎರಡು ದಿನ ನೋಡಿ. ತೊಂದರೆ ನಿಂತರೆ ಹೆಚ್ಚಾಗಿ ತಪ್ಪು ಕೇಬಲ್‌ನದ್ದೇ. ಚಿತ್ರದಲ್ಲಿ ಬಿಳಿ ಚುಕ್ಕಿ ಮಿಂಚುತ್ತಿದ್ದರೂ ಮೊದಲು ಅದನ್ನೇ ನೋಡಿ. ಸಿನಿಮಾ ಶುರುವಾಗುವಾಗ ಮಾತ್ರ ಒಂದೆರಡು ಸೆಕೆಂಡ್ ಕಪ್ಪಾದರೆ ಬಾಕ್ಸು ಸೆಕೆಂಡಿಗೆ 60 ಫ್ರೇಮಿನಿಂದ (ಚಿತ್ರದಿಂದ) 24ಕ್ಕೆ ಬದಲಾಗುತ್ತಿದೆ ಅಷ್ಟೇ, ಬಿಟ್ಟುಬಿಡಿ. ಟಿವಿಯೊಳಗಿನ ಆ್ಯಪ್ ಹಾಕಿದಾಗ ಬರೀ ಶಬ್ದ ಹೋಗುತ್ತಾ? ಟಿವಿಯ ಆಡಿಯೋವನ್ನು ಪಿಸಿಎಂಗೆ (ಸೆಟ್ಟಿಂಗ್‌ನಲ್ಲಿರುವ ಕುಗ್ಗಿಸದ ಸಾದಾ ಶಬ್ದದ ಆಯ್ಕೆ) ಇಟ್ಟು ನೋಡಿ.

ಆದರೆ ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ. "ಮನೆ ಕಟ್ಟಿಸ್ತಿದ್ದೀವಿ, ಪ್ಲಾಸ್ಟರ್‌ಗೆ ಮುಂಚೆ ಏನು ಹಾಕಿಸಲಿ?" ಅಂತ ಒಬ್ಬರಾದರೂ ಕೇಳಬಾರದಾ! ಕರೆಂಟ್ ವೈರಿನಿಂದ ಒಂದಡಿ ದೂರದಲ್ಲಿ ಬೇರೆಯದೇ ಪೈಪ್ ಹಾಕಿಸಿ. ಒಂದೂವರೆ ಇಂಚಿನದು. ಮೂಲೆಗೆ ಎಲ್ಬೋ ಬೇಡ, ದೊಡ್ಡ ಬೆಂಡ್ ಇರಲಿ. ಮುಂದೆ ಕೇಬಲ್ ಎಳೆಯೋಕೆ ಒಳಗೊಂದು ನೈಲಾನ್ ದಾರ ಎಳೆದು ಬಿಡಿ.

ಮೈಸೂರಿನ ಆ ಮನೆಯಲ್ಲಿದ್ದದ್ದು ಮುಕ್ಕಾಲು ಇಂಚಿನ ಪೈಪು, ಎರಡು ಎಲ್ಬೋ. ತಾಮ್ರದ ಬದಲು ಬೆಳಕಿನಲ್ಲಿ ಸಿಗ್ನಲ್ ಸಾಗಿಸುವ ಹೊಸ ಫೈಬರ್ ಕೇಬಲ್‌ನ ಪ್ಲಗ್ ತೂರಲೇ ಇಲ್ಲ. ಗೋಡೆ ಮೇಲೆ ಕೇಸಿಂಗ್ ಹೊಡೆದು ಎಳೆದೆ. ಆ ಫೈಬರ್ ಕೇಬಲ್‌ಗೆ ದಿಕ್ಕಿರುತ್ತದೆ, ಸೋರ್ಸ್ ಅಂತ ಬರೆದ ತುದಿ ರಿಸೀವರ್ ಕಡೆ. ಸಿನಿಮಾ ಹಾಕಿದ ಮೇಲೆ ಅಜ್ಜಿ ಎದ್ದು ಬಂದು ಫ್ಯಾನ್ ಸ್ವಿಚ್ಚನ್ನು ಹಾಕಿ ಆರಿಸಿ, ಹಾಕಿ ಆರಿಸಿ ನೋಡಿದರು. ಚಿತ್ರ ಹೋಗಲಿಲ್ಲ.